ಮೂಗಿನ ಮದ್ದಿನ ಕಳವು

ಫ್ರಿಜ್ಜಿನ ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟಳು. ತಟ್ಟೆ ಖಾಲಿ. ಮೂಗಿಗೆ ಹಾಕುವ ಮೈಗ್ರೇನ್ ಔಷಧಿಯ ಬಾಟಲಿಗಳು ಒಂದೂ ಇಲ್ಲ!

ಲ್ಯಾಬಿನಲ್ಲಿ ಅವಳಿಗಿದ್ದ ಹೆಸರು 'ಪಿಸುಮಾತು'. ಆದರೆ ಅವಳ ಇವತ್ತಿನ ಕೂಗಿಗೆ ಇಡೀ ಕಾರಿಡಾರೇ ಓಡಿಬಂತು.

"ಬೀಗ ಒಡೆದಿಲ್ಲ. ಕೀ ಇರೋದು ಇವಳ ಹತ್ರ," ಮ್ಯಾನೇಜರ್ ಗುಡುಗಿದರು. "ಪೊಲೀಸಿಗೆ ಫೋನ್ ಮಾಡಿ, ಮೇಡಂ."

"ಇನ್ನೊಂದು ಕೀ ಆಫೀಸಲ್ಲಿ ಮೊಳೆಗೆ ನೇತಾಡ್ತಿದೆಯಲ್ಲ ಸಾರ್. ಯಾರು ಬೇಕಾದ್ರೂ ತಗೋಬಹುದು," ಎಂದಳು ಅವಳು.

"ಏನೇ ಆಗ್ಲಿ ಕಣಮ್ಮ," ಎಂದರು ಲ್ಯಾಬಿನ ಮುಖ್ಯಸ್ಥೆ ಮೇಡಂ, "ರೋಗಿಗಳು ಬರೋದ್ರೊಳಗೆ ಸಿಗದಿದ್ರೆ ಪ್ರಯೋಗ ಮುಗೀತು. ನಿನ್ನನ್ನ ಉಳಿಸೋಕೆ ನನ್ನಿಂದಾಗಲ್ಲ."

ಅವಳು ಕಸದ ಬುಟ್ಟಿಗಳನ್ನೂ ಬಿಡದೆ ಹುಡುಕತೊಡಗಿದಳು.

*

ಕಾರಿಡಾರಿನ ಕೈತೊಳೆಯುವ ಜಾಗದ ಕಸದ ಬುಟ್ಟಿಯಲ್ಲಿ ಒಂದು ಬಾಟಲಿ ಸಿಕ್ಕಿತು. ಖಾಲಿ! ಮಾರುವ ಕಳ್ಳ ಬಾಟಲಿ ಬರಿದು ಮಾಡಿ ಎಸೆಯುತ್ತಾನೆಯೇ? ಇದು ತಲೆನೋವಿರುವವರ ಕೆಲಸ.

"ಗಾರ್ಡ್ ಮೂಗು ನೋಡಿ, ಟೊಮೆಟೊ ಥರ ಆಗಿದೆ!" ಮ್ಯಾನೇಜರ್ ಮತ್ತೊಂದು ಬಾಣ ಬಿಟ್ಟರು.

"ಶೀತ ಕಣ್ರೀ ಸ್ವಾಮಿ! ಸೀನೋದೂ ಅಪರಾಧಾನಾ?" ಗಾರ್ಡ್ ಜೇಬಿನಿಂದ ಸ್ಪ್ರೇ ತೆಗೆದು ಅಲ್ಲೇ ಮೂಗಿಗೆ ಒತ್ತಿ, ಸೊರ್ರೆಂದು ಎಳೆದುಕೊಂಡ. ಅದು ಶೀತಕ್ಕೆ ಅಂಗಡಿಯಲ್ಲಿ ಕೊಂಡದ್ದು.

ಆ 'ಸೊರ್' ಕೇಳಿದ್ದೇ ತಡ, ಅವಳ ತಲೆಯಲ್ಲಿ ಮಿಂಚು ಹೊಡೆಯಿತು.

*

"ಇದು ಉಪ್ಪುನೀರು," ಎಂದು ಎಲ್ಲರ ಕೈಗೂ ಒಂದೊಂದು ಸ್ಪ್ರೇ ಕೊಟ್ಟಳು. "ನಮ್ಮ ಔಷಧಿ ತಗೊಂಡಿದ್ರೆ ಇದು ತಾಗಿದ್ದೇ ಮೂಗು ನೀಲಿಯಾಗತ್ತೆ. ಹಾಕ್ಕೊಳ್ಳಿ."

ಅಪ್ಪಟ ಸುಳ್ಳು. ಮೇಡಂ ಹುಬ್ಬೇರಿಸಿದರು.

ಗಾರ್ಡ್ ಸೊರ್ರೆಂದ. ಸ್ಟೋರ್ ಕೀಪರಮ್ಮ ತಲೆ ಹಿಂದಕ್ಕೆಸೆದು ಸೊರ್ರೆಂದರು, ಕೆಮ್ಮಿದರು.

"ಇಂಥದ್ದನ್ನ ನಾನು ಜನ್ಮದಲ್ಲಿ ಮುಟ್ಟಿಲ್ಲ. ತಲೆನೋವು ಅಂದ್ರೇನು ಅಂತಾನೇ ಗೊತ್ತಿಲ್ಲ," ಗೊಣಗುತ್ತ ಮ್ಯಾನೇಜರ್ ತಲೆಯನ್ನು ತುಸು ಬಗ್ಗಿಸಿದರು. ಬಲಗೈಯಿಂದ ಎಡಹೊಳ್ಳೆಗೆ. ತುದಿ ಕಣ್ಣಿನ ಕಡೆಗೆ. ಮೆಲ್ಲನೆಯ ಉಸಿರು.

"ನೀವೇ, ಸಾರ್."

"ಏನು ನಾನೇ? ಮೂಗು ನೀಲಿಯಾಯ್ತಾ?"

"ಯಾರ ಮೂಗೂ ಆಗಲ್ಲ ಸಾರ್. ಗೊತ್ತಿಲ್ಲದವರು ಜೋರಾಗಿ ಎಳೀತಾರೆ. ಆಗ ಔಷಧಿ ಗಂಟಲಿಗೆ ಜಾರತ್ತೆ. ನಮ್ಮ ನ್ಯಾನೋ ಹನಿಗಳು, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಹನಿಗಳು, ಮೂಗಿನ ಮೇಲ್ಭಾಗದಲ್ಲಿ, ವಾಸನೆ ಹಿಡಿಯೋ ನರದ ಹತ್ರ ಕೂತ್ರೆ ಮಾತ್ರ ಮಿದುಳಿಗೆ ದಾರಿ. ಅದಕ್ಕೇ ರೋಗಿಗಳಿಗೆ ಈ ಭಂಗಿ ಹೇಳಿಕೊಡ್ತೀವಿ. ಹಾಗೆ ಹೇಳಿಕೊಡೋ ಕೋಣೆಯ ಗಾಜಿನ ಬಾಗಿಲು ನಿಮ್ಮ ಮೇಜಿಗೆ ನೇರ ಎದುರು, ನೋಡಿರ್ತೀರಿ. ಆದ್ರೆ ಮುಟ್ಟೇ ಇಲ್ಲ ಅಂದವರ ಕೈ ಇಷ್ಟು ಪಳಗಿದ್ದು ಹೇಗೆ?"

ಗಾರ್ಡ್ ಆಗಲೇ ಮ್ಯಾನೇಜರ್ ಕೋಣೆಗೆ ನುಗ್ಗಿದ್ದ. ಬೀರುವಿನ ಹಿಂದಿತ್ತು ಥರ್ಮಾಸ್. ತಣ್ಣೀರಿನಲ್ಲಿ ಉಳಿದೆಲ್ಲ ಬಾಟಲಿಗಳು!

ಮ್ಯಾನೇಜರ್ ಕುರ್ಚಿಗೆ ಕುಸಿದರು. "ಪ್ರಯೋಗದ ಔಷಧಿ ಸಿಬ್ಬಂದಿಗೆ ಕೊಡಲ್ಲ ಅಂದ್ರಲ್ಲ ಮೇಡಂ. ನಂಗೂ ಈ ಕಾಯಿಲೆ ಇದೆ ಅಂತ ಬಾಯಿ ಬಿಟ್ಟಿದ್ರೆ ಈ ಕುರ್ಚಿ ಉಳೀತಿತ್ತಾ?" ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದರು. "ಆ ಲೈಟ್... ಆರಿಸಮ್ಮ, ಪ್ಲೀಸ್."

ತನ್ನನ್ನು ಜೈಲಿಗೆ ಕಳಿಸಹೊರಟಿದ್ದ ಮನುಷ್ಯ! ಅವಳು ಕ್ಷಣ ನಿಂತಳು. ಆಮೇಲೆ ಹೋಗಿ ಲೈಟ್ ಆರಿಸಿದಳು, ಪರದೆ ಎಳೆದಳು.

ಆ ಕತ್ತಲಲ್ಲೇ ಒಂದು ಬಾಟಲಿ ಎತ್ತಿ ಲೇಸರ್ ಪಾಯಿಂಟರ್ ಹಾಯಿಸಿದಳು. ಹನಿಗಳು ಒಡೆದಿದ್ದರೆ ಎಣ್ಣೆ ಮೇಲೆ ತೇಲಬೇಕಿತ್ತು. ತೇಲಿರಲಿಲ್ಲ. ಹನಿಗಳು ಸಮವಾಗಿ ಹರಡಿ ಉಳಿದಿದ್ದರೆ ಮಾತ್ರ ಬೆಳಕು ಒಳಗೆ ಗೆರೆಯಾಗಿ ಕಾಣುತ್ತದೆ. ಬಾಟಲಿಯ ಈ ತುದಿಯಿಂದ ಆ ತುದಿಗೆ ಕೆಂಪು ಗೆರೆ, ನೂಲು ಹಿಡಿದಷ್ಟು ನೇರ!

"ಕೆಟ್ಟಿಲ್ಲ ಮೇಡಂ! ರೋಗಿಗಳನ್ನ ಒಳಗೆ ಕರೀಲಾ?"