ಬೆಲ್ಟಿಗೆ ಹಾಕಿದ ಗಂಟು

"ಸ್ವಲ್ಪ ಕುರ್ಚಿ ಸರಿಸ್ತೀರಾ?"

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಅದು!

ಹೊಲಿಗೆ ಅಂಗಡಿಯ ಕಿಟಕಿ ಪಕ್ಕ ಕೂತು ಅವಳು ಅಂಗಿಗಳಿಗೆ ಕೈಯಲ್ಲೇ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ಪುಟ್ಟ ಸೀಳಿನ ಸುತ್ತ ಎಳೆ ಬಿಡದಂತೆ ದಾರ ಕಟ್ಟುವ ಕೆಲಸ. ಎಲ್ಲರ ಬಾಯಲ್ಲೂ ಅವಳು 'ಕಾಜಾ'. ಈಗ ಕಿಟಕಿ ಪಕ್ಕದ ಆ ಜಾಗಕ್ಕೆ ಕಾಜಾ ಮೆಷಿನ್ನೇ ಬಂದಿತ್ತು, ಅದನ್ನು ಕೂರಿಸಲು ಈ ಫಿಟ್ಟರ್.

"ಕುರ್ಚಿ ಯಾಕೆ? ನನ್ನನ್ನೇ ಎತ್ತಿ ಆಚೆ ಇಟ್ಬಿಡಿ!"

ಪಕ್ಕದಲ್ಲಿ ಗುಂಡಿ ಹಚ್ಚುತ್ತಿದ್ದ ದೊಡ್ಡಮ್ಮ ಕಿಸಕ್ಕನೆ ನಕ್ಕರು. "ಹುಷಾರಪ್ಪಾ! ಅವಳ ಸೂಜಿಗಿಂತ ನಾಲಿಗೆ ಚೂಪು."

ಅವನು ಕುರ್ಚಿಯನ್ನು ಇನ್ನೊಂದು ಕಿಟಕಿಯ ಕೆಳಗಿಟ್ಟು, ಅಲುಗುತ್ತಿದ್ದ ಅದರ ಕಾಲಿಗೆ ಸ್ಕ್ರೂ ಬಿಗಿದ.

'ಕುತ್ತಿಗೆ ಕೊಯ್ಯುವವರೇ ಮೊದಲು ಬೆನ್ನು ಸವರುವುದು...' ಎಂದುಕೊಂಡಳು.

ತಂಗಿಯ ಓದು, ಅಪ್ಪನ ಔಷಧಿ, ಎಲ್ಲವೂ ನಿಂತಿದ್ದುದು ಆ ಕುರ್ಚಿಯ ಮೇಲೆ. ಊಟದ ಹೊತ್ತಿಗೆ ಅಂಗಡಿ ಖಾಲಿಯಾದಾಗ ಅವಳ ಕೈ ತಾನಾಗಿ ಮೆಷಿನ್ನಿನ ಬೆಲ್ಟ್ ಬಿಚ್ಚಿ ಸುತ್ತಿ, ಬಟ್ಟೆಯ ಥಾನುಗಳ ಹಿಂದೆ ತುರುಕಿತು.

ಮಧ್ಯಾಹ್ನ ಯಜಮಾನರು ಹೌಹಾರಿದರು. "ಬೆಲ್ಟ್ ಎಲ್ರೀ?"

ಫಿಟ್ಟರ್ ಹುಡುಕಿದ. ಥಾನುಗಳ ಹಿಂದೆ ಬಗ್ಗಿದ... ಅವಳ ಜೀವ ಬಾಯಿಗೆ ಬಂತು. ಎದ್ದವನು ಒಮ್ಮೆ ಅವಳತ್ತ ನೋಡಿದ. ಅವನ ಜೇಬು ಉಬ್ಬಿತ್ತು!

"ತಪ್ಪು ನಂದೇ ಸಾರ್. ಎಲ್ಲೋ ಕಳೆದೆ."

"ನಿಮ್ಮ ಕಂಪನಿಗೆ ಫೋನ್ ಮಾಡ್ತೀನಿ. ನಾಳೆಯಿಂದ ನಿನಗೆ ಕೆಲಸ ಇರಲ್ಲ, ನೋಡ್ತಿರು!"

ಅವಳ ಸೂಜಿ ನಿಂತಿತು. ತನ್ನ ಅನ್ನ ಉಳಿಯಲೆಂದು ಇನ್ನೊಬ್ಬರ ಅನ್ನ ಕಸಿಯುವುದಾ?

"ಬಿಚ್ಚಿದ್ದು ನಾನು!" ಎದ್ದು ನಿಂತಳು. "ಮೆಷಿನ್ ಮೇಲೆ ನನಗೆ ಸಿಟ್ಟಿಲ್ಲ ಯಜಮಾನ್ರೇ. ಅದಕ್ಕೆ ಎಣ್ಣೆ ಯಾವಾಗ ಹಾಕ್ಬೇಕು ಅಂತ ಬೆಳಿಗ್ಗೆಯಿಂದ ಕೇಳ್ತಿದ್ದೀರಿ. ನಾವು ಏನಾಗ್ತೀವಿ ಅಂತ ಒಂದ್ಸಲ ಕೇಳಿದ್ರಾ?"

ದೊಡ್ಡಮ್ಮ ಸೂಜಿಯನ್ನು ಮೇಜಿಗೆ ಚುಚ್ಚಿದರು. "ಅವಳನ್ನ ಕಳಿಸಿದ್ರೆ ನಾನೂ ಹೊರಟೆ."

ಒಂದೊಂದಾಗಿ ಹೊಲಿಗೆ ಯಂತ್ರಗಳ ಸದ್ದು ನಿಂತಿತು. ಯಜಮಾನರು ಬೆವರು ಒರೆಸಿಕೊಂಡರು.

"ಏ, ಹೊಲೀರಪ್ಪಾ! ಆರ್ಡರ್ ಬಾಕಿ ಇದೆ. ಯಾರೂ ಎಲ್ಲೂ ಹೋಗೋದು ಬೇಡ... ಆ ಮೆಷಿನ್ ಅವಳೇ ಓಡಿಸಲಿ. ಫೋನೂ ಇಲ್ಲ, ಗೀನೂ ಇಲ್ಲ."

ಸಂಜೆ ಅವನು ಬೆಲ್ಟ್ ಹೊರತೆಗೆದ.

"ನಾನೇ ಅಂತ ಮೊದಲೇ ಹೇಗೆ ಗೊತ್ತಾಯ್ತು?"

"ಮೆಷಿನ್ ಕೆಡಿಸೋಕೆ ಬಂದವರು ಬೆಲ್ಟನ್ನ ಇಷ್ಟು ಒಪ್ಪವಾಗಿ ಸುತ್ತಿ, ಕಾಜಾ ದಾರ ಕಟ್ತಾರಾ?"

ಅವಳು ನೋಡಿದಳು. ಪ್ರತಿ ಕಾಜಾದ ಕೊನೆಗೆ ತಾನು ಹಾಕುವ ಅದೇ ಪುಟ್ಟ ಗಂಟು... ಕಳ್ಳತನದಲ್ಲೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ!

"ಮತ್ತೆ ಯಾಕೆ ಹೇಳಲಿಲ್ಲ?"

"ನಮ್ಮಮ್ಮನ ಕೆಲಸಾನೂ ಮೆಷಿನ್ ಬಂದಿದ್ದಕ್ಕೇ ಹೋಯ್ತು. ಅವತ್ತು ಅವಳನ್ನ ಏಳಿಸಿದವರು ಅವಳ ಮುಖ ಕೂಡ ನೋಡಲಿಲ್ಲ." ಅವನ ದನಿ ತಗ್ಗಿತು. "ನಾನು ಬೆಳಿಗ್ಗೆಯಿಂದ ನಿಮ್ಮ ಮುಖಾನೇ ನೋಡ್ತಿದ್ದೀನಿ..."

ಅವಳ ಕೆನ್ನೆ ಬಿಸಿಯಾಯಿತು.

ಅವನು ಗಂಟು ಬಿಚ್ಚಲಿಲ್ಲ. ಬೆಲ್ಟಿನಿಂದ ಮೆಲ್ಲಗೆ ಜಾರಿಸಿ, ಆ ದಾರವನ್ನು ಎದೆಯ ಜೇಬಿಗಿಟ್ಟುಕೊಂಡ.

"ಕೆಲಸ ಮುಗೀತು. ನಾಳೆ ಬರೋಕೆ ನನಗೆ ನೆಪ ಇಲ್ಲ..."

"ನನ್ನ ಕುರ್ಚಿ ಕಾಲು ಅಲುಗ್ತಿದೆ."

"ಗಟ್ಟಿಯಾಗಿದೆಯಲ್ಲಾ! ನಾನೇ ಬಿಗಿದಿದ್ದು."

"ನಾಳೆ ಅಲುಗುತ್ತೆ," ಎಂದಳು ತಲೆ ತಗ್ಗಿಸಿ. "ನಾಡಿದ್ದೂ ಅಲುಗುತ್ತೆ... ನೀವು ಬನ್ನಿ."