ನಾಲ್ಕನೇ ಜ್ವರ

"ಅದನ್ನ ಕೆಳಗಿಡ್ರೀ! ಅದು ನಮ್ಮ ಮರ!"

ತನುಜ ಬೆಚ್ಚಿ ತಿರುಗಿದಳು. ಚಿಂತಾಮಣಿಯ ಸಾಮಿಲ್ಲಿನ ಅಂಗಳ. ಮೈತುಂಬ ಮರದ ಪುಡಿ ಮೆತ್ತಿಕೊಂಡಿದ್ದ ಯುವಕನೊಬ್ಬ ಅವಳ ಕೈಯಲ್ಲಿದ್ದ ತುಂಡನ್ನೇ ದಿಟ್ಟಿಸುತ್ತಿದ್ದ.

"ಬೇಡದ ರಾಶೀಲಿ ಬಿದ್ದಿತ್ತು," ಎಂದಳು.

"ಬೇಡದ್ದು ಅಂತ ಯಾರಂದ್ರು? ನಮ್ಮಜ್ಜ ನೆಟ್ಟಿದ್ದ ಹಿಪ್ಪುನೇರಳೆ. ಗಾಳಿಗೆ ಬಿತ್ತು, ಕೊಯ್ಸೋಕೆ ತಂದಿದೀನಿ. ಒಲೆಗಾದ್ರೆ ಬೇರೆ ಸೌದೆ ತಗೊಳ್ಳಿ."

"ಒಲೆಗಲ್ಲ. ಬಂಡಿ ಮಾಡೋಕೆ. ಮಕ್ಕಳು ತಳ್ಕೊಂಡು ನಡೆಯೋದು ಕಲೀತಾವಲ್ಲ, ಮೂರು ಚಕ್ರದ್ದು..."

ಅವನ ಮುಖ ಸಡಿಲವಾಯಿತು. "ಓ! ನಿಮ್ಮ ಮಗೂಗಾ?"

"ತಂಗಿ ಮಗಳಿಗೆ."

ಸಾಮಿಲ್ಲಿನ ಖಲೀಮುಲ್ಲಾ ಸಾಹೇಬರು ಒಳಗಿನಿಂದಲೇ ಕೂಗಿದರು. "ಕೊಡಪ್ಪ ಅಂಬರೀಶ! ಮಗು ಆಟದ ಸಾಮಾನಿಗೆ ಜಗಳ ಆಡ್ತಾರೇನೋ? ಭಾನುವಾರ ಮಿಷನ್ ಖಾಲಿ ಇರ್ತದೆ, ನೀನೇ ಕೊಯ್ದು ಕೊಡು."

ಹೀಗೆ ಶುರುವಾಯಿತು.

ಅಂಬರೀಶ ಕೆಂಚಾರ್ಲಹಳ್ಳಿಯವನು. ರೇಷ್ಮೆ ಹುಳು ಸಾಕುತ್ತಿದ್ದ. ಮರಗೆಲಸ ಅವನಿಗೂ ಬರುತ್ತಿರಲಿಲ್ಲ. ಅವನು ಕೊಯ್ದ ಮೊದಲ ಚಕ್ರ ಮೊಟ್ಟೆಯ ಆಕಾರಕ್ಕೆ ಬಂತು.

"ಇದ್ರಲ್ಲಿ ನಡೆದ್ರೆ ಮಗು ಕುಂಟುತ್ತೆ," ಎಂದಳು ತನುಜ.

"ಕುಂಟಲ್ಲ ಕಣ್ರೀ, ಡ್ಯಾನ್ಸ್ ಮಾಡುತ್ತೆ!"

ಅವಳು ನಕ್ಕಳು. ನಕ್ಕ ಮೇಲೆ ತನ್ನ ನಗುವಿನ ಸದ್ದಿಗೆ ತಾನೇ ಗಾಬರಿಯಾದಳು.

ಅವಳ ಗಂಡ ಮಧುಸೂದನ್ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಒಂದು ಬೆಳಿಗ್ಗೆ ಮೈ ಕಾದಾಗ "ಮಾಮೂಲಿ ಜ್ವರ ಕಣೇ, ನೀನು ಕಾಲೇಜಿಗೆ ಹೋಗು," ಎಂದಿದ್ದ. ಅವಳು ಹೋದಳು. ಪಾಠ ಮುಗಿಸಿ ಬರುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಮತ್ತೆ ಅವನು ಮಾತಾಡಲಿಲ್ಲ.

ಆಮೇಲೆ ಗೌರಿಬಿದನೂರು ಬಿಟ್ಟು ಚಿಂತಾಮಣಿಯ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದಳು. ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಗೌರಿಬಿದನೂರಲ್ಲೇ ಇದ್ದ ತಂಗಿ ಲಾವಣ್ಯಳಿಗೆ ಮಗುವಾದಾಗ ಹೋಗಿ ತೊಟ್ಟಿಲ ಪಕ್ಕ ನಿಂತು ನೋಡಿ ಬಂದಳು. ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಮತ್ತೆ ಕೆಳಗಿಡಬೇಕಲ್ಲ...

"ಅಕ್ಕಾ, ಪಾಪು ಗೋಡೆ ಹಿಡ್ಕೊಂಡು ನಿಲ್ತಾಳೆ ಕಣೇ! ಹುಟ್ಟಿದಬ್ಬಕ್ಕಾದ್ರೂ ಬಾರೇ," ಎಂದು ಲಾವಣ್ಯ ಫೋನಿನಲ್ಲಿ ಅತ್ತಿದ್ದಳು. ಹೋಗುವ ಧೈರ್ಯವಿರಲಿಲ್ಲ. ತನ್ನ ಕೈಯಾರೆ ಏನಾದರೂ ಮಾಡಿ ಕಳಿಸಿದರೆ ಸಾಕು ಎಂದುಕೊಂಡಿದ್ದಳು.

"ಬಂಡಿ ಮುಗಿದ ಮೇಲೆ ನೀವೇ ತಗೊಂಡು ಹೋಗ್ತೀರಾ?" ಅಂಬರೀಶ ಒಂದು ಭಾನುವಾರ ಕೇಳಿದ.

"ಬಸ್ಸಲ್ಲಿ ಹಾಕಿ ಕಳಿಸ್ತೀನಿ."

"ಬಸ್ಸಲ್ಲಾ? ಬಂಡಿ ಹೋಗುತ್ತೆ, ದೊಡ್ಡಮ್ಮ ಇಲ್ಲೇ ಇರ್ತಾರಾ? ನಾನು ಬೇಕಾದ್ರೆ ಜೊತೇಲಿ..."

ಆ ದನಿಯಲ್ಲಿ ಬರೀ ಸಹಾಯವಷ್ಟೇ ಇರಲಿಲ್ಲ. ತನುಜಳಿಗೆ ಅದು ತಿಳಿಯಿತು. ತಿಳಿದಿದ್ದಕ್ಕೇ ಹೆದರಿದಳು.

"ನೋಡಿ, ನಾನಿಲ್ಲಿಗೆ ಬರ್ತಿರೋದು ಬಂಡಿಗಷ್ಟೇ. ಬೇರೆ ಯಾವುದಕ್ಕೂ ಅಲ್ಲ."

ಅವನು ಉಜ್ಜುತ್ತಿದ್ದ ಉಪ್ಪುಕಾಗದ ನಿಂತಿತು. "ಸರಿ," ಎಂದ. "ಕೊನೇ ಚಕ್ರ ಮನೇಲಿ ನಯ ಮಾಡಿ ತರ್ತೀನಿ."

ಮುಂದಿನ ಭಾನುವಾರ ಅವನು ಬರಲಿಲ್ಲ.

ಎರಡೇ ಚಕ್ರದ ಬಂಡಿ ಮೂತಿ ನೆಲಕ್ಕೆ ಊರಿ ಬಿದ್ದಿತ್ತು. ತನುಜ ಅದರ ಪಕ್ಕದಲ್ಲೇ ಕೂತಳು. 'ನಾನೇ ಹಾಗಂದೆನಲ್ಲ... ಬರದಿದ್ದರೆ ಬೇಡ.' ಗೇಟು ಸದ್ದಾದಾಗಲೆಲ್ಲ ತಲೆಯೆತ್ತಿದಳು. ಮಧ್ಯಾಹ್ನ ದಾಟಿತು. ಕೊನೆಗೆ ಫೋನ್ ಮಾಡಿದಳು. ಚಕ್ರ ಕೇಳಲು ಎಂದು ತನಗೇ ಹೇಳಿಕೊಂಡಳು.

ಎತ್ತಿದ್ದು ಅವನ ತಾಯಿ ಅಶ್ವತ್ಥಮ್ಮ. ಪಿಸುದನಿ.

"ಯಾರಮ್ಮಾ? ಕಾಲೇಜಿನ ಮೇಡಮ್ಮಾ? ಅವನು ಬರಾಕಾಗಲ್ಲ ಕಣಮ್ಮ. ಜ್ವರ. ನಾಲ್ಕನೇ ಜ್ವರ. ನಿನ್ನೆಯಿಂದ ಏನೂ ಮುಟ್ಟಿಲ್ಲ. ಅಲ್ಲಾಡದಂಗೆ ಮಲಗಿರೋದೇ..."

"ಆಸ್ಪತ್ರೆಗೆ?!"

"ಆಸ್ಪತ್ರೆ ಯಾಕಮ್ಮ? ಮಾಮೂಲಿ ಜ್ವರ. ಎದ್ರೆ ಸರಿಹೋಗ್ತದೆ."

ಮಾಮೂಲಿ ಜ್ವರ!

ತನುಜ ತಟ್ಟನೆ ಎದ್ದಳು. ಬ್ಯಾಗು ಅಲ್ಲೇ ಬಿಟ್ಟು ಓಡಿದಳು. "ಏನಾಯ್ತಮ್ಮಾ?" ಎಂದ ಖಲೀಮುಲ್ಲಾ ಸಾಹೇಬರು ಅವಳ ಮುಖ ನೋಡಿದ್ದೇ ಆಟೋದವನನ್ನು ಕೂಗಿದರು.

ದಾರಿಯುದ್ದಕ್ಕೂ ಒಂದೇ ಮಾತು ಮನಸ್ಸಿನಲ್ಲಿ. 'ಈ ಸಲ ಕಾಲೇಜಿಗೆ ಹೋಗಲ್ಲ. ಈ ಸಲ ಪಕ್ಕದಲ್ಲೇ ಇರ್ತೀನಿ. ದೇವರೇ, ಅಷ್ಟು ಹೊತ್ತಾದರೂ ಕೊಡು...'

ಕೆಂಚಾರ್ಲಹಳ್ಳಿ. ಮನೆಯ ಹಿಂದೆ ಉದ್ದನೆಯ ಶೆಡ್ಡು, ಮುಚ್ಚಿದ ಬಾಗಿಲು. ಅಂಗಳದಲ್ಲಿ ಕೂತಿದ್ದ ಅಶ್ವತ್ಥಮ್ಮ ಗಡಬಡಿಸಿ ಎದ್ದರು.

"ಅಯ್ಯೋ ತಲ್ಲೀ, ಚಪ್ಪಲಿ! ಕಾಲು ತೊಳ್ಕೊಳಮ್ಮಾ!"

ತನುಜಳಿಗೆ ಕೇಳಿಸಲಿಲ್ಲ. ಬಾಗಿಲು ತಳ್ಳಿದಳು.

ಅಂಬರೀಶ ಎದುರಿಗೇ ನಿಂತಿದ್ದ! ಗಟ್ಟಿಮುಟ್ಟಾಗಿ, ಕೈಯಲ್ಲಿ ಸುಣ್ಣದ ಪುಡಿಯ ಡಬ್ಬಿ ಹಿಡಿದು.

"ಶ್ಶ್..." ಎಂದ.

"ನಿಮಗೆ... ಜ್ವರ?"

"ನನಗಾ? ಹುಳಕ್ಕೆ ಕಣ್ರೀ!"

ಅವಳು ಸುತ್ತ ನೋಡಿದಳು. ಅಟ್ಟಣಿಗೆಗಳ ಮೇಲೆ ಸಾವಿರಾರು ಬಿಳಿ ಹುಳುಗಳು. ಒಂದೂ ಅಲುಗುತ್ತಿರಲಿಲ್ಲ, ಒಂದೂ ತಿನ್ನುತ್ತಿರಲಿಲ್ಲ. ಎಲ್ಲವೂ ತಲೆಯೆತ್ತಿ ಹಾಗೇ ನಿದ್ದೆ ಹೋಗಿದ್ದವು.

"ಹಳೇ ಪೊರೆ ಬಿಡೋಕೆ ಮುಂಚೆ ಹಿಂಗೆ ಮಲಗ್ತಾವೆ. ಅದನ್ನ ಜ್ವರ ಅಂತೀವಿ. ತೇವ ಆಗ್ದಿರ್ಲಿ ಅಂತ ಈ ಸುಣ್ಣ ಉದುರಿಸ್ತೀವಿ. ಇದು ಕೊನೇದು, ನಾಲ್ಕನೇದು. ಎದ್ದ ತಕ್ಷಣ ಸೊಪ್ಪು ಕೊಡ್ಬೇಕು, ಅದಕ್ಕೇ ಬಿಟ್ಟು ಬರೋಕಾಗ್ಲಿಲ್ಲ."

ತನುಜ ನಗಲು ಹೋದಳು. ಆಗಲಿಲ್ಲ. ಹೊರಗೆ ಬಂದು ಗೋಡೆಗೊರಗಿ ಕುಸಿದಳು. ಗಂಡ ಹೋದ ದಿನವೂ ಬಾರದ ಅಳು ಈಗ ಬಂತು.

ಅಶ್ವತ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ನನ್ನ ಬಾಯಿಗಿಷ್ಟು! ಹುಳ ಅಂತ ಹೇಳ್ಲೇ ಇಲ್ಲ ನಾನು. ಅಳಬೇಡಮ್ಮ..." ಎಂದವರು ನೀರು ತರಲು ಒಳಗೆ ಹೋದರು. ಬೇಗ ಹೊರಗೆ ಬರಲಿಲ್ಲ.

ಅಂಬರೀಶ ತುಸು ದೂರದಲ್ಲಿ ಕೂತ.

"ಒಂದು ಫೋನಾದ್ರೂ ಮಾಡ್ಬಹುದಿತ್ತಲ್ಲ?" ಬಿಕ್ಕುತ್ತಲೇ ಕೇಳಿದಳು.

"ಬಂಡಿಗಷ್ಟೇ ಅಂದಿದ್ರಿ. ಚಕ್ರ ಇನ್ನೂ ಆಗಿರ್ಲಿಲ್ಲ. ಏನಂತ ಮಾಡ್ಲಿ?"

"ಸುಳ್ಳು ಹೇಳಿದ್ದೆ."

ಅವನು ಕೈಲಿದ್ದ ಡಬ್ಬಿಯನ್ನು ನೆಲಕ್ಕಿಟ್ಟ.

"ಮೊದಲನೇ ವಾರ ಬಂಡಿಗೆ ಬಂದೆ," ಎಂದಳು. "ಆಮೇಲಿಂದ... ಅಲ್ಲ. ಆದ್ರೆ ನನಗೆ ಭಯ, ಅಂಬರೀಶ್. ಯಾರನ್ನಾದ್ರೂ ನನ್ನವರು ಅಂದ್ಕೊಳ್ಳೋಕೇ ಭಯ."

"ನಾನು ಹೋಗಲ್ಲ ಅಂತ ಆಣೆ ಇಡೋಕಾಗಲ್ಲ ಕಣ್ರೀ," ಎಂದ ಅವನು ಮೆಲ್ಲಗೆ. "ಯಾರ ಕೈಲೂ ಆಗಲ್ಲ. ಇರೋವರೆಗೂ ನಿಮ್ಮನ್ನ ಒಬ್ಬರೇ ಕೂರೋಕೆ ಬಿಡಲ್ಲ. ಅಷ್ಟು ಹೇಳಬಲ್ಲೆ."

ಆಮೇಲೆ ತನುಜ ಕಣ್ಣೊರೆಸಿಕೊಂಡಳು.

"ಬಂಡೀನ ಬಸ್ಸಲ್ಲಿ ಕಳಿಸಲ್ಲ. ನಾನೇ ಹೋಗ್ತೀನಿ. ಪಾಪೂನ ಎತ್ಕೊಬೇಕು."

"ಹಾಗಾದ್ರೆ ಬಂಡಿ ಯಾರು ಹೊರ್ತಾರೆ?"

"ನೀವು."

"ಗೌರಿಬಿದನೂರಲ್ಲಿ ನಾನು ಯಾರು ಅಂತ ಕೇಳಿದ್ರೆ?"

ತನುಜ ಅವನ ಅಂಗಿಯ ತೋಳಿಗಂಟಿದ್ದ ಸುಣ್ಣದ ಪುಡಿಯನ್ನು ಬೆರಳಿನಿಂದ ಒರೆಸಿದಳು. ಕೈಯನ್ನು ಅಲ್ಲೇ ಉಳಿಸಿದಳು.

"ನಮ್ಮವರು ಅಂತೀನಿ."