ಪಿನ್ ಮಾಡದ ಹೂವು

ಬೆಟಗೇರಿಯ ಮರ್ದಾನಸಾಬರ ಕಂಪ್ಯೂಟರ್ ಮಗ್ಗದಲ್ಲಿ ಸೀರೆಯ ಸೆರಗಿನ ಹೂವು ಮತ್ತೆ ಅರ್ಧಕ್ಕೇ ಮುರಿಯಿತು. ಅಂಚಿನ ಸಣ್ಣ ಹೂಗಳಿಗೆ ಏನೂ ಆಗುವುದಿಲ್ಲ, ಸೆರಗಿನ ದೊಡ್ಡ ಹೂವಿಗೇ ಯಾಕೆ ಈ ಗ್ರಹಚಾರ? ಅವರ ತಂಗಿಯ ಮಗಳು ಅಫ್ರೀನಳ ತಲೆ ಕೊರೆಯುತ್ತಿದ್ದುದು ಇದೇ.

ಹೂವಿನ ಚಿತ್ರ ಬಿಡಿಸುವ ಸಿ-ಶಾರ್ಪ್ ಪ್ರೋಗ್ರಾಂ ಅವಳದು. ಚಿತ್ರ ಓದಿ ಮಗ್ಗದ ಎಳೆ ಎತ್ತಿಸುವ, ಸಿ ಭಾಷೆಯ ಕೋಡ್ ಲೈಬ್ರರಿ ಶಿರಹಟ್ಟಿಯ ವಸೀಮನದು. ತಪ್ಪು ಅವನದೇ ಎಂದು ಅವಳು ಮೊದಲ ದಿನವೇ ಮಾಮುವಿಗೆ ಹೇಳಿಬಿಟ್ಟಿದ್ದಳು.

"ಇವತ್ತ ಅವ ಬಂದ್ರ ಕೆಲಸ ಬಿಡಸ್ತೀನಿ," ಎಂದರು ಮರ್ದಾನಸಾಬರು.

ಮಾತು ಕೆಲಸ ಬಿಡಿಸುವ ತನಕ ಹೋದೀತೆಂದು ಅಫ್ರೀನ ಎಣಿಸಿರಲಿಲ್ಲ. ಅವನು ಬರುವ ದಿನವೇ ಹಸಿರು ದುಪಟ್ಟಾ ಕೈಗೆ ಸಿಗುತ್ತಿದ್ದುದು ಸುಮ್ಮನೆಯೇ? ಓಡಿ ಹೋಗಿ ಕಂಪ್ಯೂಟರಿನ ಮುಂದೆ ಕೂತು ತನ್ನದೇ ಪ್ರೋಗ್ರಾಂ ಮೊದಲಿನಿಂದ ಓದಿದಳು. ತಪ್ಪು ಸಿಕ್ಕಿತು.

ಚಿತ್ರ ಮೆಮೊರಿಯಲ್ಲಿ ಎಲ್ಲಿದೆ ಎಂಬ ಪಾಯಿಂಟರನ್ನು ಅವಳ ಪ್ರೋಗ್ರಾಂ ಲೈಬ್ರರಿಗೆ ಕೊಡುತ್ತಿತ್ತು. ಲೈಬ್ರರಿ ಇನ್ನೂ ಓದುತ್ತಿರುವಾಗಲೇ ಇತ್ತ ಅವಳ ಪ್ರೋಗ್ರಾಂ ನಡೆಸುವ ಡಾಟ್‌ನೆಟ್ ಮೆಮೊರಿಯ ಕಸ ಗುಡಿಸುತ್ತ ಚಿತ್ರವನ್ನು ಬೇರೆ ಕಡೆ ಎತ್ತಿಡುತ್ತಿತ್ತು. ಪಾಪ, ಲೈಬ್ರರಿ ಹಳೇ ಜಾಗವನ್ನೇ ಓದುತ್ತಿತ್ತು. ಸಣ್ಣ ಹೂವು ಅಷ್ಟರೊಳಗೆ ಓದಿ ಮುಗಿಯುತ್ತಿತ್ತು, ದೊಡ್ಡದು ಸಿಕ್ಕಿಬೀಳುತ್ತಿತ್ತು. ಓದಿ ಮುಗಿಯುವ ತನಕ ಚಿತ್ರವನ್ನು ಕದಲದಂತೆ ಪಿನ್ ಮಾಡಬೇಕಾದವಳು ಅವಳೇ.

ತಿರುಗಿದರೆ ಬಾಗಿಲಲ್ಲಿ ವಸೀಮ. ಪರದೆ ನೋಡಿದ, ಅವಳನ್ನು ನೋಡಿದ, ತುಟಿಯಂಚಿನಲ್ಲೇ ನಕ್ಕ.

"ತಪ್ಪ ನಂದರಿ," ಎಂದಳು.

"ಗೊತ್ತಿತ್ತರಿ."

"ಯಾವಾಗಿಂದ?"

"ಮೊದಲನೇ ಸೀರಿಯಿಂದ. ಹೇಳಿದ್ರ ಮಾಮು ನಿಮಗ ಬೈತಿದ್ರು. ಅದಕ್ಕ ನಾನ ಬೈಸ್ಕೊಂಡೆ."

ಬೇರೆ ಹುಡುಗಿಯಾದರೆ ಕರಗಿ ನೀರಾಗುತ್ತಿದ್ದಳು. ಇವಳಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ತಪ್ಪ ನನಗ ಹೇಳಲಾರದವರ ಜೋಡಿ ನಾ ಹೆಂಗ ಬಾಳೇ ಮಾಡ್ಲಿ?"

ಮಾತು ಜಾರಿಯೇ ಹೋಗಿತ್ತು. ಅವಳು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ವಸೀಮನ ಕಿವಿ ಕೆಂಪಾದವು.

"ಇನ್ನ ಮ್ಯಾಲೆ ಹೇಳ್ತೀನಿ," ಎಂದ ಮೆಲ್ಲಗೆ.

"ನೆಲಕ್ಕಲ್ಲ, ಮುಖಾ ನೋಡಿ ಹೇಳ್ರಿ."

ಅವನು ತಲೆ ಎತ್ತಿದ. "ತಪ್ಪ ನಿಮ್ದು. ಜಂಬಾನೂ ಭಾಳ ಐತಿ. ಮತ್ತ... ನೀವಿಲ್ಲಂದ್ರ ನನಗ ಆಗೂದಿಲ್ಲ."

ಅವಳ ಕಣ್ಣು ತುಂಬಿ ಬಂತು. ಸಂಕೋಚವನ್ನೂ ಬಿಟ್ಟು ಮಗ್ಗದ ಕೋಣೆಗೆ ನಡೆದಳು.

"ಮಾಮು, ಹೂವು ಮುರದದ್ದು ನನ್ನಿಂದ. ಇವರನ್ನ ಬಿಡಸಬ್ಯಾಡ್ರಿ."

ಮಗ್ಗ ನಿಂತು ಆಗಲೇ ಹೊತ್ತಾಗಿತ್ತು. ಮರ್ದಾನಸಾಬರಿಗೆ ಒಳಗಿನದೆಲ್ಲ ಕೇಳಿಸಿತ್ತು. ಗಡ್ಡ ನೀವಿಕೊಳ್ಳುತ್ತ ಅಫ್ರೀನಳ ಮುಖ ನೋಡಿದರು, ಅವಳ ಹಿಂದೆ ನಿಂತವನನ್ನೂ ನೋಡಿದರು.

"ಲೇ ವಸೀಮ, ಶುಕ್ರವಾರ ಜುಮ್ಮಾ ನಮಾಜ ಮುಗಿಸ್ಕೊಂಡು ಮಾತುಕತಿಗೆ ಬರಾಕ ನಿಮ್ಮಪ್ಪಗ ಹೇಳು."